ಆಹ್ ಎನ್ನದ ಊರಿನಿಂದ

ಉಸ್ಕುದಾರ್, ಇಸ್ತಾಂಬುಲ್
29 ಅಕ್ಟೋಬರ್ 1968, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಬಲಗೈಗೆ ಮುತ್ತಿಟ್ಟು, ಅದನ್ನು ಹಣೆಗೊತ್ತಿಕೊಂಡು ನಿಮ್ಮ ಝುಹೈರ್ ಬರೆಯುತ್ತಿದ್ದೇನೆ. ಅಮ್ಮನಿಗೂ ಅಜ್ಜಿಗೂ ಸಲಾಮು ತಿಳಿಸಿ. ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸಿ. ಕೆಲಸ ಜಾಸ್ತಿ, ಅಂಚೆ ಸರಿಯಿಲ್ಲ ಎಂದೆಲ್ಲ ಬರೆಯಬಹುದಿತ್ತು. ಎರಡೂ ನಿಜವಲ್ಲ. ಮೊದಲು ಹೇಳಬೇಕಾದ ಸಂಗತಿಯನ್ನು ಹೇಗೆ ಹೇಳುವುದೆಂದು ತಿಳಿಯದೆ ನಾಲ್ಕು ಕಾಗದ ಹರಿದುಹಾಕಿದೆ. ಇವತ್ತು ಇಲ್ಲಿ ಗಣರಾಜ್ಯ ದಿನದ ರಜೆ. ಬೀದಿ ತುಂಬ ಬಾವುಟ, ಕಿಟಕಿಯ ಕೆಳಗೆ ಶಾಲೆಯ ಮಕ್ಕಳು ಡೋಲು ಬಡಿಯುತ್ತಿದ್ದಾರೆ, ಅಂಗಡಿ ಮುಚ್ಚಿದೆ. ಯಾವ ನೆಪವೂ ಉಳಿದಿಲ್ಲ. ಹೇಳಿಬಿಡುತ್ತೇನೆ.

ನಿಮ್ಮ ಊದ್ ನನ್ನ ಹತ್ತಿರ ಇದೆ.

ಈಗ ನೀವು ಕಾಗದ ಕೆಳಗಿಟ್ಟು, ಎದ್ದು ಹೋಗಿ, ಬೀರುವಿನ ಮೇಲೆ ರಜಾಯಿಗಳ ಹಿಂದೆ ಕೈಯಾಡಿಸುತ್ತೀರಿ. ಆ ತಂತಿವಾದ್ಯದ ಹಸಿರು ಚೀಲ ಅಲ್ಲೇ ದುಂಡಗೆ ಕೂತಿರುತ್ತದೆ. ಒಳಗಿರುವುದು ಮಾತ್ರ ಎರಡು ದಿಂಬು, ಕತ್ತಿನ ಜಾಗದಲ್ಲಿ ಅಮ್ಮನ ದೊಡ್ಡ ಸೌಟು. ಊದ್‌ನ ತಲೆ ಹಿಂದಕ್ಕೆ ಬಾಗಿರುವ ಹಾಗೆಯೇ ಸೌಟಿನ ತುದಿಯೂ ಬಾಗಿದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಅಮ್ಮ ಆ ಸೌಟಿಗಾಗಿ ಆಗಸ್ಟಿನಿಂದ ಪಕ್ಕದ ಮನೆಯವರ ಮೇಲೆ ಅನುಮಾನ ಪಡುತ್ತಿದ್ದರೆ, ದಯವಿಟ್ಟು ಈ ಸಾಲನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿ.

ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಅಪ್ಪ. ನೆನಪಿದೆಯೇ, ಅಲೆಪ್ಪೊ ನಿಲ್ದಾಣದಲ್ಲಿ ಸಾಬೂನಿನ ಪೆಟ್ಟಿಗೆಗಳನ್ನು ರೈಲಿಗೆ ಹತ್ತಿಸುವಾಗ ಒಂದನ್ನು ನೀವೇ ಎತ್ತಿದಿರಿ. "ಇದೇನೋ ಇಷ್ಟು ಹಗುರ?" ಎಂದಿರಿ. "ಅದರಲ್ಲಿ ಸಾಬೂನಿಲ್ಲ ಅಪ್ಪ" ಎಂದೆ. "ಹಂಗಾದ್ರೆ ನಿನ್ನ ತಲೆಯೊಳಗೆ ಇರೋದೇ ಇದರಲ್ಲೂ ಇರಬೇಕು" ಎಂದು ನಕ್ಕು ಒಳಗೆ ತಳ್ಳಿದಿರಿ. ನಿಮ್ಮ ಊದ್ ಅನ್ನು ನೀವೇ ಕೈಯಾರೆ ಇಸ್ತಾಂಬುಲ್‌ಗೆ ಕಳಿಸಿದ್ದು. ಆದರೂ ಕದ್ದದ್ದು ಕದ್ದದ್ದೇ. ಬಾಯಿ ಹೇಳದ ಸುಳ್ಳನ್ನು ಸೌಟು ಹೇಳಿತು.

ಎರಡನೆಯ ಸುದ್ದಿ ಇದಕ್ಕಿಂತ ಸಣ್ಣದು. ನೀವು ವ್ಯಾಪಾರ ಕಲಿಯಲೆಂದು ಯಾರ ಅಂಗಡಿಗೆ ನನ್ನನ್ನು ಕಳಿಸಿದ್ದಿರೋ ಆ ಶೆರಿಫ್ ಬೇ ನನ್ನನ್ನು ಒಂಬತ್ತನೇ ದಿನಕ್ಕೇ ಓಡಿಸಿದರು. ಒಬ್ಬ ಹೆಂಗಸು ಸಾಬೂನು ಕೊಳ್ಳಲು ಬಂದಿದ್ದಳು. "ಎಷ್ಟು ಒಣಗಿಸಿದ್ದು ಮಗ?" ಎಂದು ಕೇಳಿದಳು. ಶೆರಿಫ್ ಬೇ "ಎರಡು ವರ್ಷ" ಎಂದರು. ನಾನು ಚಾಕು ತೆಗೆದು ಒಂದನ್ನು ಕೊಯ್ದು ತೋರಿಸಿದೆ. ಹೊರಗೂ ಹಸಿರು, ಒಳಗೂ ಹಸಿರು. ಆರು ತಿಂಗಳೂ ಆಗಿರಲಿಲ್ಲ. ಚೆನ್ನಾಗಿ ಒಣಗಿದ ಸಾಬೂನಿನ ಹೊರಮೈ ಕಂದುಬಣ್ಣಕ್ಕೆ ತಿರುಗಿರಬೇಕೆಂದು ನಾಲ್ಕನೇ ವಯಸ್ಸಿನಲ್ಲೇ ನನಗೆ ಹೇಳಿಕೊಟ್ಟವರು ನೀವು. ಹಾಗಾಗಿ ಇದರಲ್ಲಿ ಅರ್ಧ ತಪ್ಪು ನಿಮ್ಮದು. "ನಿನ್ನಂಥವನು ಇನ್ನೊಂದು ವಾರ ಇದ್ರೆ ನಾನು ಅಂಗಡಿಗೆ ಬೀಗ ಜಡಿದು ಮಸೀದಿ ಬಾಗಿಲಲ್ಲಿ ಕೂರಬೇಕು" ಎಂದು ಶೆರಿಫ್ ಬೇ ನನ್ನ ಹಾಸಿಗೆಯನ್ನು ಬೀದಿಗೆಸೆದರು. ಕೋಪದ ಮನುಷ್ಯ, ಕೆಟ್ಟವರಲ್ಲ. ಹಾಸಿಗೆಯ ಹಿಂದೆಯೇ ಒಂದು ರೊಟ್ಟಿಯನ್ನೂ ಎಸೆದರು.

ಪೆಟ್ಟಿಗೆ ತೆರೆದು ನೋಡಿದರೆ ರೈಲಿನ ಕುಲುಕಾಟಕ್ಕೆ ಊದ್‌ನ ಎರಡು ಬಿರಡೆಗಳು ಸಡಿಲವಾಗಿದ್ದವು. ಕೇಳುತ್ತ ಕೇಳುತ್ತ ಬೆಟ್ಟದ ಇಳಿಜಾರಿನಲ್ಲಿ ಆಗೋಪ್ ಉಸ್ತಾದರ ಅಂಗಡಿಗೆ ಬಂದೆ. ನಲವತ್ತು ವರ್ಷದಿಂದ ಊದ್ ಮಾಡುವ, ರಿಪೇರಿ ಮಾಡುವ ಆರ್ಮೇನಿಯನ್ ಮುದುಕರು. ಬಿಸಿ ಸರೇಸಿನ ವಾಸನೆ, ಗೋಡೆಯ ಮೇಲೆ ತೂಗುಹಾಕಿದ, ಇನ್ನೂ ಕತ್ತು ಕೂರಿಸದ ಊದ್‌ಗಳ ಬರಿ ಹೊಟ್ಟೆಗಳು, ನೆಲದ ತುಂಬ ಮರದ ಹೊಟ್ಟು. ನಾನು ಬಾಯಿ ತೆರೆದ ಕೂಡಲೇ ಅವರು ಕೈಯಲ್ಲಿದ್ದ ಉಜ್ಜುಗೊರಡು ಕೆಳಗಿಟ್ಟರು.

"ಈ ತುರ್ಕಿ ಎಲ್ಲಿ ಕಲಿತಿಯೋ?"

"ನಮ್ಮ ಅಜ್ಜಿ ಹತ್ತಿರ. ಅವಳು ನಿಮ್ಮ ತುರ್ಕಿಯ ಅಂತೆಪ್ ಕಡೆಯವಳು."

"ಅದಕ್ಕೇ. ನೀನು ಮಾತಾಡಿದ್ರೆ ಎಂಬತ್ತು ವರ್ಷದ ಮುದುಕಿ ಮೀಸೆ ಬಿಟ್ಕೊಂಡು ಬಂದ ಹಾಗಿದೆ."

ನಿಮ್ಮ ಊದ್ ಅನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು. "ಏನಪ್ಪಾ ಇದು, ಊದೋ ಸ್ನಾನದ ಹಂಡೆಯೋ?" ಎಂದರು. ಇಲ್ಲಿಯ ಊದ್‌ಗಳು ನಮ್ಮವಕ್ಕಿಂತ ಚಿಕ್ಕವು. ನಾನೂ ಸುಮ್ಮನಿರಲಿಲ್ಲ. "ನಿಮ್ಮದು ಇನ್ನೂ ಬೆಳೀಬೇಕಾದ ಮರಿಗಳ ಹಾಗಿವೆ ಉಸ್ತಾ" ಎಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. "ನಾಳೆಯಿಂದ ಇಲ್ಲೇ ಕೆಲಸಕ್ಕೆ ಬಾ. ಬರೋ ಗಿರಾಕಿಗಳೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಚೆನ್ನಾಗಿಲ್ಲ ಅನ್ನೋನು ಒಬ್ಬ ಬೇಕಾಗಿದ್ದ" ಎಂದರು.

ಹೀಗೆ ನಾನು ಎಂಟು ವಾರದಿಂದ ಇಲ್ಲಿದ್ದೇನೆ. ಇಷ್ಟು ದಿನ ಒಂದೇ ಕಡೆ ನಿಂತದ್ದು ನನಗೇ ಆಶ್ಚರ್ಯ. ಅಂಗಡಿಯ ಅಟ್ಟದಲ್ಲಿ ಮಲಗುತ್ತೇನೆ. ಉಸ್ತಾದರ ಹೆಂಡತಿ ಮಧ್ಯಾಹ್ನಕ್ಕೆ ಬದನೆಕಾಯಿ ಅಡುಗೆ ಕಳಿಸುತ್ತಾರೆ, ಅದಕ್ಕೆ ಖಾರವೇ ಇರುವುದಿಲ್ಲ. ಹಾಗೆಂದು ಹೇಳಿದೆ, ಈಗ ಒಣಮೆಣಸಿನ ಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಕಳಿಸುತ್ತಾರೆ. ಊದ್‌ನ ಹೊಟ್ಟೆಗೆ ಅಂಟಿಸುವ ಮರದ ಪಟ್ಟಿಗಳನ್ನು ಬಿಸಿ ಕಬ್ಬಿಣದ ಮೇಲೆ ಬಗ್ಗಿಸುವುದನ್ನು ಕಲಿತೆ. ಹನ್ನೊಂದು ಪಟ್ಟಿ ಸುಟ್ಟೆ. ಹನ್ನೆರಡನೆಯದು ಬಗ್ಗಿತು. ಆಗ ನನಗಾದ ಖುಷಿ, ಶಾಲೆಯಲ್ಲಿದ್ದ ಹತ್ತು ವರ್ಷದಲ್ಲಿ ಒಂದು ಸಲವೂ ಆಗಿರಲಿಲ್ಲ.

ಜಗಳವೂ ಆಗುತ್ತದೆ. ಇಲ್ಲಿಯವರು ತಂತಿಗಳನ್ನು ನಮಗಿಂತ ಒಂದು ಸ್ವರ ಮೇಲಕ್ಕೆ ಶ್ರುತಿ ಮಾಡುತ್ತಾರೆ. ಮೊದಲ ವಾರ ನಾನೂ ಇಲ್ಲಿಯವರಂತಾಗಲು ಹೋಗಿ ನಿಮ್ಮ ಊದ್‌ನ ಬಿರಡೆ ತಿರುವತೊಡಗಿದೆ. ಉಸ್ತಾದರು ಹಾರಿ ಬಂದು ನನ್ನ ಮಣಿಕಟ್ಟು ಹಿಡಿದರು. "ಬಿಡೋ ಕತ್ತೆ! ಮುಖದ ಹಲಗೆ ಕಿತ್ತು ಬರುತ್ತೆ. ಇದನ್ನ ಮಾಡಿದೋನು ನಿಧಾನವಾಗಿ ಮಾತಾಡಲಿ ಅಂತ ಮಾಡಿದಾನೆ. ಕಿರುಚಿಸಬೇಡ."

ಇನ್ನು ಆ ಮೂರನೆಯ ಸ್ವರ. ರಾಸ್ತ್ ರಾಗದ ಮೂರನೆಯ ಸ್ವರವನ್ನು ನಾವು ಕೊಂಚ ಕೆಳಗೆ ಹಿಡಿಯುತ್ತೇವೆ, ಇವರು ಒಂದು ಕೂದಲೆಳೆಯಷ್ಟು ಮೇಲೆ.

"ನಿನ್ನ ಬೆರಳು ಜಾರ್ತಿದೆ ನೋಡು."

"ಜಾರ್ಲಿಲ್ಲ ಉಸ್ತಾ, ಅಲ್ಲೇ ಇಟ್ಟೆ."

"ಹಂಗಾದ್ರೆ ತಪ್ಪು ಜಾಗದಲ್ಲಿ ಇಟ್ಟೆ."

"ಅಲೆಪ್ಪೊದಲ್ಲಿ ಅದೇ ಸರಿ ಜಾಗ."

"ಇದು ಅಲೆಪ್ಪೊ ಅಲ್ಲವಲ್ಲ."

"ಊದ್‌ಗೆ ಅದು ಗೊತ್ತಿಲ್ಲವಲ್ಲ ಉಸ್ತಾ!"

ದಿನವೂ ಒಂದು ಸಲ ಈ ಜಗಳ ಆಡದಿದ್ದರೆ ಇಬ್ಬರಿಗೂ ಚಹಾ ರುಚಿಸುವುದಿಲ್ಲ.

ನಾನು ಕ್ಷೌರದಂಗಡಿ ಅಬು ರಿಯಾದ್ ಹತ್ತಿರ ಕದ್ದು ಊದ್ ಕಲಿತದ್ದು ನಿಮಗೆ ಗೊತ್ತು. ಗೊತ್ತಿದ್ದೂ ನೀವು ಬಯ್ಯಲಿಲ್ಲ, ಬೆನ್ನೂ ತಟ್ಟಲಿಲ್ಲ. ನಮ್ಮ ಮನೆಯಲ್ಲಿ ಒಂದು ಊದ್ ಇದ್ದೂ ಅದರ ದನಿಯನ್ನು ನಾನು ಕೇಳದೆ ಬೆಳೆದದ್ದೇಕೆಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. "ನೀನು ಹುಟ್ಟೋ ಮುಂಚೆ ನಿಮ್ಮಪ್ಪ ಇಸ್ತಾಂಬುಲ್‌ಗೆ ಸಾಬೂನು ಮಾರೋಕೆ ಹೋಗಿದ್ದ. ಯಾರದೋ ಮನೇಲಿ ನುಡಿಸಿದನಂತೆ. ಒಬ್ಬನೂ ಆಹ್ ಅನ್ನಲಿಲ್ಲವಂತೆ. ಬಂದೋನೇ ಅದನ್ನ ಬೀರು ಮೇಲೆ ಇಟ್ಟ. ನೀನು ಕೇಳೋಕೆ ಹೋಗಬೇಡ" ಎಂದಿದ್ದಳು. ನಾನು ಕೇಳಲಿಲ್ಲ. ಅಜ್ಜಿಯ ಮೇಲೆ ಸಿಟ್ಟಾಗಬೇಡಿ, ಮುಂದೆ ಬರುವುದನ್ನು ಓದಿ.

ಮೊನ್ನೆ ಭಾನುವಾರ ಮಧ್ಯಾಹ್ನ ಉಸ್ತಾದರು ನನ್ನನ್ನು ಮೆಲಾಹತ್ ಹಾನಿಂ ಮನೆಗೆ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದ ವಿಧವೆ. ಅವರ ಮರದ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಹತ್ತು ಹನ್ನೆರಡು ಜನ ಸೇರಿ ನುಡಿಸುತ್ತಾರೆ, ಹಾಡುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬೂಟುಗಳ ಸಾಲು. ಊದ್‌ನ ಹೊಟ್ಟೆಗಿಂತ ದೊಡ್ಡ ಮೀಸೆಯ ಒಬ್ಬ ನಿವೃತ್ತ ಹಡಗಿನ ಕ್ಯಾಪ್ಟನ್ ಇದ್ದರು. ಹೆಸರು ನೆಜ್ದೆತ್. ಚಹಾ ಬಂತು, ಸಕ್ಕರೆ ಪಾಕದಲ್ಲಿ ಬೇಯಿಸಿ ಅಕ್ರೋಟು ಉದುರಿಸಿದ ಕುಂಬಳಕಾಯಿ ಬಂತು. ಆಮೇಲೆ, "ಈ ಹುಡುಗ ಅಲೆಪ್ಪೊದವನು, ಒಂದು ಆಲಾಪ ಕೇಳೋಣ" ಎಂದರು ಉಸ್ತಾದರು.

ರಾಸ್ತ್ ಎತ್ತಿಕೊಂಡೆ. ನಮ್ಮಲ್ಲಿ ಹೇಗೆಂದು ನಿಮಗೆ ಹೇಳಬೇಕೆ? ಮೊದಲ ಸುತ್ತು ಮುಗಿದು ಕೈ ಎತ್ತುವಷ್ಟರಲ್ಲೇ ಮೂಲೆಯಿಂದ ಒಬ್ಬ "ಆಹ್!" ಎನ್ನುತ್ತಾನೆ, ಇನ್ನೊಬ್ಬ "ಯಾ ಐನಿ, ನನ್ನ ಕಣ್ಣೇ!" ಎನ್ನುತ್ತಾನೆ. ಅದರ ಮೇಲೆ ಕಾಲಿಟ್ಟೇ ಮುಂದಿನ ಸುತ್ತಿಗೆ ಹತ್ತುವುದು. ಯಾರೂ ಏನೂ ಅನ್ನದಿದ್ದರೆ, ಊದ್ ಎತ್ತಿಟ್ಟು ಮನೆಗೆ ನಡಿ ಎಂದರ್ಥ. ಮೊದಲ ಸುತ್ತು ಮುಗಿಸಿ ಕಾದೆ. ಏನೂ ಇಲ್ಲ. ಎರಡನೆಯದರಲ್ಲಿ ಇದ್ದಬದ್ದದ್ದನ್ನೆಲ್ಲ ಹಾಕಿದೆ. ಕಾದೆ. ಎಲ್ಲರೂ ತಲೆ ತಗ್ಗಿಸಿ ರತ್ನಗಂಬಳಿ ನೋಡುತ್ತಿದ್ದರು. ಕ್ಯಾಪ್ಟನ್ ಕಣ್ಣು ಮುಚ್ಚಿದ್ದರು; ನಿದ್ದೆ ಎಂದುಕೊಂಡೆ. ಚಮಚದ ಸದ್ದೂ ನಿಂತುಹೋಗಿತ್ತು. ಕೆಳಗೆ ಸಮುದ್ರದಲ್ಲಿ ಒಂದು ಉಗಿದೋಣಿ ಕೂಗಿದ್ದೇ ನನಗೆ ಸಿಕ್ಕ ಏಕೈಕ ಮೆಚ್ಚುಗೆ. ಮೂರನೆಯ ಸುತ್ತಿನ ನಡುವೆ ಬೆರಳು ಬೆವರಿ ನಿಂತುಬಿಟ್ಟಿತು. "ಕ್ಷಮಿಸಿ, ನನಗೆ ಬರಲ್ಲ" ಎಂದೆ. ಊದ್ ಅಲ್ಲೇ ಒರಗಿಸಿ, ಮೆಟ್ಟಿಲಿಳಿದು, ಕಾಲಿಗೆ ಸಿಕ್ಕ ಬೂಟು ತೂರಿಸಿಕೊಂಡು ಓಡಿದೆ.

ಇಳಿಜಾರಿನ ಅರ್ಧದಲ್ಲಿ ಬೂಟು ನನ್ನದಲ್ಲವೆಂದು ಗೊತ್ತಾಯಿತು. ಎರಡೂ ಪಾದ ಒಂದರಲ್ಲೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಹಿಂದಿನಿಂದ ಆಗೋಪ್ ಉಸ್ತಾದರು ಏದುಸಿರು ಬಿಡುತ್ತ, ನನ್ನ ಹರಕು ಬೂಟುಗಳನ್ನು ಎತ್ತಿ ಹಿಡಿದು ಬರುತ್ತಿದ್ದರು.

"ಲೇ! ನಿಲ್ಲೋ! ಕ್ಯಾಪ್ಟನ್ ಬೂಟು ಹಾಕ್ಕೊಂಡು ಯಾವ ಹಡಗು ಹತ್ತೋಕೆ ಹೊರಟೆ?"

"ಯಾರೂ ಏನೂ ಅನ್ನಲಿಲ್ಲ ಉಸ್ತಾ."

"ಏನನ್ನಬೇಕಿತ್ತು?"

"ಒಂದು ಆಹ್ ಆದ್ರೂ."

ಉಸ್ತಾದರು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಅಯ್ಯೋ ಹುಚ್ಚಪ್ಪ. ನೀನು ಹಾಗೆ ನುಡಿಸ್ತಿರುವಾಗ ಬಾಯಿ ಬಿಡೋಕಾಗುತ್ತೇನೋ? ಆ ಮನೇಲಿ ಚೆನ್ನಾಗಿಲ್ಲದಿದ್ರೆ ಜನ ಕೆಮ್ಮುತಾರೆ, ಚಹಾ ಕೇಳ್ತಾರೆ, ಮೀನಿನ ರೇಟು ಮಾತಾಡ್ತಾರೆ. ಚಮಚ ನಿಂತಿದ್ದು ನೋಡ್ಲಿಲ್ವಾ? ಕ್ಯಾಪ್ಟನ್ ಕಣ್ಣು ಮುಚ್ಚಿದ್ದನ್ನ ನಾನು ನೋಡಿದ್ದು ಇದೇ ಎರಡನೇ ಸಲ. ಮೊದಲನೇದು ಅವನ ಹೆಂಡತಿ ಸತ್ತಾಗ."

ಕಿವಿ ಹಿಡಿದು ವಾಪಸ್ ಕರೆದುಕೊಂಡು ಹೋದರು. ನಿಜವಾಗಿಯೂ ಕಿವಿ ಹಿಡಿದೇ.

ಮಹಡಿಯಲ್ಲಿ ಮೆಲಾಹತ್ ಹಾನಿಂ ನಿಮ್ಮ ಊದ್ ಅನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರ ನಡುವಿನ ಮರದ ಜಾಲರಿಗೆ ಮೂಗೊಡ್ಡಿ ವಾಸನೆ ನೋಡುತ್ತಿದ್ದರು. ನನ್ನನ್ನು ನೋಡಿ, "ಮಗನೇ, ನಿಮ್ಮ ಮನೆ ಕಸುಬು ಸಾಬೂನಿನದಾ?" ಎಂದು ಕೇಳಿದರು. ಹೌದೆಂದೆ. "ಈ ಜಾಲರಿಯ ನಕ್ಷತ್ರದ ಒಂದು ಮೂಲೆ ಮುರಿದಿರೋದು ನನಗೆ ನೆನಪಿದೆ. ಒಳಗೆ ಈಗಲೂ ಅದೇ ವಾಸನೆ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಇದೇ ಊದ್ ಹಿಡ್ಕೊಂಡು ಬಂದಿದ್ದ. ಅಲ್ಲೇ, ನೀನು ಕೂತ ಜಾಗದಲ್ಲೇ ಕೂತಿದ್ದ. ಅರ್ಧ ನುಡಿಸಿ, ಕ್ಷಮಿಸಿ ಅಂದು, ಎದ್ದು ಹೋದ. ಪುಣ್ಯಕ್ಕೆ ಅವನು ಅವನ ಬೂಟನ್ನೇ ಹಾಕ್ಕೊಂಡು ಹೋದ. ಹೆಸರು ಅದೀಬ್."

ಅಪ್ಪ, "ಅವರು ನಮ್ಮಪ್ಪ!" ಎಂದು ಕೂಗಿಬಿಟ್ಟೆ, ನಿಮ್ಮ ಹೆಸರನ್ನು ಆ ಕೋಣೆಯಲ್ಲಿ, ಆ ಮುದುಕಿಯ ಬಾಯಲ್ಲಿ ಕೇಳಿ.

ಅವರು ಹೇಳಿದ್ದನ್ನು ಒಂದಕ್ಷರ ಸೇರಿಸದೆ ಬರೆಯುತ್ತೇನೆ. ಅವರ ಗಂಡನೂ ಊದ್ ನುಡಿಸುತ್ತಿದ್ದರಂತೆ. ನೀವು ಹೋದ ಮೇಲೆ ಆವತ್ತು ಮನೆಯಲ್ಲಿ ಯಾರೂ ಊದ್ ಮುಟ್ಟಲಿಲ್ಲವಂತೆ. "ಇವತ್ತು ಇನ್ನೇನು ನುಡಿಸೋದು?" ಎಂದರಂತೆ ಗಂಡ. ಮರುದಿನ ಬೆಳಗ್ಗೆ ನಿಮ್ಮನ್ನು ಹುಡುಕಿ ರೈಲು ನಿಲ್ದಾಣದವರೆಗೂ ಹೋದರಂತೆ, ರೈಲು ಹೊರಟುಹೋಗಿತ್ತು. "ಆಮೇಲೆ ಸಾಯೋವರೆಗೂ ನನ್ನ ಗಂಡ ಆ ಮೂರನೇ ಸ್ವರವನ್ನ ನಿಮ್ಮಪ್ಪನ ಹಾಗೆ ಕೆಳಗಿಳಿಸೋಕೆ ನೋಡ್ತಿದ್ರು. ಬರಲೇ ಇಲ್ಲ. ಆ ಅಲೆಪ್ಪೊದವನು ನನ್ನ ಬೆರಳು ಕೆಡಿಸಿಬಿಟ್ಟ ಅಂತ ಬೈತಿದ್ರು. ಬೈದು ಬೈದು ಅದನ್ನೇ ನುಡಿಸ್ತಿದ್ರು."

ನಾನು ಉಸ್ತಾದರ ಕಡೆ ನೋಡಿದೆ. ಆ ಸ್ವರಕ್ಕಾಗಿ ಎರಡು ತಿಂಗಳಿಂದ ನನ್ನ ಜೊತೆ ಜಗಳ ಆಡಿದವರು ಕನ್ನಡಕ ತೆಗೆದು ಒರೆಸತೊಡಗಿದ್ದರು.

ಮೆಲಾಹತ್ ಹಾನಿಂ ಒಳಗೆ ಹೋಗಿ ಒಂದು ಗುಂಡಿ ಡಬ್ಬಿ ತಂದರು. ಗುಂಡಿಗಳ ನಡುವೆ ಊದ್ ಮೀಟುವ ಒಂದು ಹದ್ದಿನ ಗರಿ. ಮೀಟಿ ಮೀಟಿ ತುದಿ ಸವೆದದ್ದು, ಹಿಡಿಯುವ ಕಡೆ ಹಲ್ಲಿನ ಗುರುತು. ನೀವು ಲೆಕ್ಕ ಬರೆಯುವಾಗ ಪೆನ್ಸಿಲ್ ಕಚ್ಚುತ್ತೀರಲ್ಲ, ಹಾಗೆಯೇ. ಇನ್ನು ಯಾವ ಸಾಕ್ಷಿಯೂ ನನಗೆ ಬೇಕಾಗಲಿಲ್ಲ. "ಅವತ್ತು ರತ್ನಗಂಬಳಿ ಮೇಲೆ ಬಿಟ್ಟುಹೋಗಿದ್ದ. ಕೊಡಬೇಕು ಕೊಡಬೇಕು ಅಂತ ಇಟ್ಟಿದೀನಿ. ನೀನು ಕೊಡ್ತೀಯಾ?" ಎಂದರು.

ಆಮೇಲೆ ನಾನು ಆಲಾಪವನ್ನು ಮತ್ತೆ ಮೊದಲಿಂದ ನುಡಿಸಿದೆ. ಉಸ್ತಾದರು ನನ್ನ ಕಷ್ಟವನ್ನು ಎಲ್ಲರಿಗೂ ಹೇಳಿಬಿಟ್ಟಿದ್ದರು. ಪಾಪ, ನನಗೆ ಧೈರ್ಯ ಬರಲೆಂದು ಎಲ್ಲರೂ ಆಹ್ ಎನ್ನಲು ತೀರ್ಮಾನಿಸಿದರು. ಅಪ್ಪ, ಹುಟ್ಟಿದಾಗಿನಿಂದ ಆಹ್ ಎನ್ನದವರು ಆಹ್ ಎಂದರೆ ಹೇಗಿರುತ್ತದೆಂದು ನೀವು ಕೇಳಬೇಕಿತ್ತು. ನಾನಿನ್ನೂ ಶ್ರುತಿ ಮಾಡುತ್ತಿದ್ದೆ, ಬಿರಡೆ ಕಿರ್ರೆಂದಿತು, ಕ್ಯಾಪ್ಟನ್ ನೆಜ್ದೆತ್ "ಯಾ ಐನಿ!" ಎಂದು ಹಡಗಿನ ದನಿಯಲ್ಲಿ ಕೂಗಿದರು. ಒಬ್ಬ ಹೆಂಗಸು ಪಿಸುಮಾತಿನಲ್ಲಿ ಆಹ್ ಎಂದಳು, ಪಕ್ಕದವರು "ಹೊಟ್ಟೆನೋವಾ?" ಎಂದು ಕೇಳಿದರು. ಕೊನೆಗೆ ನಾನೇ, "ದಯವಿಟ್ಟು ಸುಮ್ಮನಿರಿ, ನಿಮ್ಮ ಹಾಗೇ ಇರಿ" ಎಂದು ಬೇಡಿಕೊಂಡೆ. ಅವರು ಸುಮ್ಮನಾದರು. ಆಗ ನಾನು ಆ ಮೌನವನ್ನು ಕೇಳಿಸಿಕೊಂಡೆ. ಅದರ ಮೇಲೂ ಕಾಲಿಟ್ಟು ಹತ್ತಬಹುದು ಅಪ್ಪ. ಮೆಟ್ಟಿಲು ಸ್ವಲ್ಪ ಎತ್ತರ, ಅಷ್ಟೆ.

ಆ ಗರಿಯನ್ನು ಈ ಕಾಗದದಲ್ಲೇ ಮಡಚಿಟ್ಟಿದ್ದೇನೆ. ಬಿಚ್ಚುವಾಗ ಹುಷಾರು. ಊದ್ ಇಲ್ಲದೆ ಬರಿ ಗರಿ ಇಟ್ಟುಕೊಂಡು ಏನು ಮಾಡಲಿ ಎಂದು ಕೇಳುತ್ತೀರಿ. ಅಬು ರಿಯಾದ್ ಅಂಗಡಿಯಲ್ಲಿ ಗೋಡೆಗೆ ಒಂದು ಊದ್ ನೇತುಹಾಕಿದೆ. ಹೇಗೂ ವಾರಕ್ಕೆರಡು ಸಲ ಗಡ್ಡಕ್ಕೆಂದು ಹೋಗುತ್ತೀರಿ. ಇಲ್ಲವಾದರೆ ರಂಜಾನ್ ಹಬ್ಬಕ್ಕೆ ನಾನು ನಿಮ್ಮದನ್ನು ತರುತ್ತೇನೆ, ಈ ಸಲ ಸಾಬೂನಿನ ಪೆಟ್ಟಿಗೆಯಲ್ಲಲ್ಲ, ಎಲ್ಲರಿಗೂ ಕಾಣುವ ಹಾಗೆ ತೋಳಲ್ಲಿ. ಎರಡೂ ಬಿರಡೆ ನಾನೇ ಕೂರಿಸಿದ್ದೇನೆ. ನಕ್ಷತ್ರದ ಮುರಿದ ಮೂಲೆಯನ್ನು ಸರಿಮಾಡಲು ಉಸ್ತಾದರು ಹೊರಟಿದ್ದರು, ಬೇಡವೆಂದೆ. ಹಬ್ಬ ಮುಗಿಸಿಕೊಂಡು ನೀವೂ ನನ್ನ ಜೊತೆ ಬಂದರೆ ಇನ್ನೂ ಒಳ್ಳೆಯದು. "ನಿಮ್ಮಪ್ಪನಿಗೆ ಹೇಳು, ಅರ್ಧ ಆಲಾಪ ಇನ್ನೂ ಬಾಕಿ ಇದೆ, ನನಗೂ ವಯಸ್ಸಾಯ್ತು" ಎಂದಿದ್ದಾರೆ ಮೆಲಾಹತ್ ಹಾನಿಂ.

ಅಮ್ಮನಿಗೆ ಸೌಟಿನ ವಿಷಯಕ್ಕೆ ಪ್ರತ್ಯೇಕವಾಗಿ ಕ್ಷಮೆ ಕೇಳಿದ್ದೇನೆಂದು ಹೇಳಿ. ಅಜ್ಜಿಗೆ, ಅವಳ ತುರ್ಕಿ ಕೇಳಿ ಇಡೀ ಉಸ್ಕುದಾರ್ ನಗುತ್ತಿದೆಯೆಂದು ಹೇಳಿ, ಅವಳಿಗೆ ಹೆಮ್ಮೆಯಾಗುತ್ತದೆ. ನನ್ನ ಮೇಲಿನ ಸಿಟ್ಟು ಇಳಿದಿದ್ದರೆ, ಇಳಿಯದಿದ್ದರೂ, ನಿಮ್ಮ ಕೈ ನನ್ನ ತಲೆಯ ಮೇಲಿರಲಿ. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ, ನಿಮ್ಮ ಸಾಬೂನುಗಳನ್ನು ಚೆನ್ನಾಗಿ ಒಣಗಿಸಲಿ.

ನಿಮ್ಮ ಮಗ,
ಝುಹೈರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾನು ಶಾಲೆ ಬಿಟ್ಟದ್ದು ಲೆಕ್ಕದ ಮೇಷ್ಟ್ರು ಹೊಡೆದರೆಂದು ಹೇಳಿದ್ದೆ. ಅವರು ಹೊಡೆದಿರಲಿಲ್ಲ. ನಾನು ನಿಮಗೆ ಹೇಳಿದ ಒಂದೇ ಸುಳ್ಳು ಅದು. ಎರಡು ವರ್ಷದ ಹಿಂದೆ ಶಾಲೆಯ ವಸಂತದ ಸಮಾರಂಭದಲ್ಲಿ ಅಬು ರಿಯಾದ್‌ನ ಊದ್ ತಂದು ನುಡಿಸಿದೆನಲ್ಲ. ಎಲ್ಲರೂ ಆಹ್ ಎಂದರು. ಕಾವಲುಗಾರನೂ ಯಾ ಐನಿ ಎಂದ. ನಾನು ಕಾಯುತ್ತಿದ್ದದ್ದು ಒಬ್ಬರ ದನಿಗೆ. ನೀವು ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಿರಿ. ಒಂದು ಮಾತೂ ಆಡಲಿಲ್ಲ. ಮನೆಯವರೆಗೂ ಆಡಲಿಲ್ಲ. ದಾರಿಯಲ್ಲಿ ನಾನು ಕೇಳದೆಯೇ ಅತಿಮಧುರದ ಶರಬತ್ತು ಕೊಡಿಸಿ, ಕುಡಿದು ಮುಗಿಸುವವರೆಗೆ ನನ್ನ ಚೀಲ ಹಿಡಿದು ನಿಂತಿದ್ದಿರಿ. ಮರುದಿನದಿಂದ ನಾನು ಶಾಲೆಯ ಆ ಅಂಗಳಕ್ಕೆ ಕಾಲಿಡಲಿಲ್ಲ, ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಭಾನುವಾರದಿಂದ ಆ ಶರಬತ್ತಿನ ಲೋಟವೇ ಕಣ್ಣ ಮುಂದಿದೆ. ಅವತ್ತಿನ ನಿಮ್ಮ ಮೌನ ಯಾವ ಊರಿನದು ಅಪ್ಪ, ಅಲೆಪ್ಪೊದ್ದೋ, ಇಸ್ತಾಂಬುಲ್‌ನದೋ? ಯಾವುದಾದರೂ ಸರಿ, ನಿಜ ಬರೆಯಿರಿ.